ಶನಿವಾರದ ಪಾಳಿ

ನ್ಯೂಜೆರ್ಸಿಯ ಫೆಬ್ರವರಿ. ಬೆಳಗಿನ ಆರೂವರೆಗೂ ಹೊರಗೆ ಸರಿಯಾಗಿ ಬೆಳಕಿಲ್ಲ. ರಾತ್ರಿ ಬಿದ್ದ ಹಿಮವನ್ನು ಅಣ್ಣ ಸಲಿಕೆಯಿಂದ ಕೆರೆದು ಕಾರಿಗೆ ದಾರಿ ಮಾಡುತ್ತಿದ್ದಾನೆ. ಅಡುಗೆಮನೆಯ ಮೇಜಿನ ತುಂಬ ಅವನ ಮಗಳ ಆರ್ಗ್ಯಾನಿಕ್ ಕೆಮಿಸ್ಟ್ರಿ: ಷಟ್ಕೋನಗಳು, ಬಾಗಿದ ಬಾಣಗಳು, ನಡುವೆ ಒಣಗಿದ ಮೊಸರನ್ನದ ತಟ್ಟೆ. ಅವಳು ನೀಲಿ ಜಾಕೆಟ್ ತೊಟ್ಟು ಆಸ್ಪತ್ರೆಯ ಗುರುತಿನ ಚೀಟಿ ಹುಡುಕುತ್ತಿದ್ದಾಳೆ.

"ಅತ್ತೆ, ಉಪ್ಪಿಟ್ಟು ಡಬ್ಬಿಗೆ ಹಾಕ್ಕೊಡ್ತೀರಾ? ಕಾರಲ್ಲೇ ತಿಂತೀನಿ."

ನಮ್ಮಲ್ಲಿ ಪಿಯುಸಿ ಮುಗಿಸಿ ಡಾಕ್ಟರಾಗಬೇಕೆನ್ನುವವರಿಗೆ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ 720ಕ್ಕೆ ಎಷ್ಟು ಬಂತು ಎಂಬುದೊಂದೇ ಪ್ರಶ್ನೆ. ಇಲ್ಲಿ ಮೊದಲು ಪದವಿ ಓದಬೇಕು, ಏಳೂವರೆ ಗಂಟೆ ಹಿಡಿಯುವ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಮೇಲೆ, ರೋಗಿಗಳ ಹತ್ತಿರ ಎಷ್ಟು ಹೊತ್ತು ಕಳೆದೆ ಎಂದೂ ಕೇಳುತ್ತಾರೆ. ಸ್ವಯಂಸೇವೆಯ ಗಂಟೆಗಳನ್ನು ಅರ್ಜಿಯಲ್ಲಿ ಬರೆಯಬೇಕು. ಲೆಕ್ಕ ಇಟ್ಟು ಮಾಡುವ ಸೇವೆ ಎಂಥದ್ದು ಎಂದು ಬಂದ ಹೊಸದರಲ್ಲಿ ನನಗೆ ಕಸಿವಿಸಿಯಾಗಿತ್ತು.

ಒಂದು ಶನಿವಾರ ನಾನೂ ಅವಳ ಜೊತೆ ಆಸ್ಪತ್ರೆಗೆ ಹೋಗಿ ಕೆಳಗಿನ ಹಜಾರದಲ್ಲಿ ಕೂತೆ. ಲಿಫ್ಟಿನ ಬಾಗಿಲು ತೆರೆಯಿತು. ಗಾಲಿಕುರ್ಚಿಯಲ್ಲಿ ಬಾಣಂತಿ, ಮಡಿಲಲ್ಲಿ ಕೂಸು, ಹಿಂದೆ ತಳ್ಳುತ್ತಾ ನಮ್ಮ ಹುಡುಗಿ. ಹೊಸಿಲಿನ ಸಣ್ಣ ಏರು ಬಂದಾಗ ಕುರ್ಚಿಯನ್ನು ಎಷ್ಟು ಮೆಲ್ಲಗೆ ದಾಟಿಸಿದಳೆಂದರೆ ಕೂಸು ಕಣ್ಣೂ ಬಿಡಲಿಲ್ಲ.

ನಾಲ್ಕು ಗಂಟೆಯ ಪಾಳಿಯಲ್ಲಿ ಅವಳ ಕೆಲಸ ಇಂಥದ್ದೇ. ಬಿಸಿ ಅಲಮಾರಿನಿಂದ ಹೊದಿಕೆ ತಂದು ಹೊದಿಸುವುದು, ಮಂಚದ ಪಕ್ಕದ ಹೂಜಿ ತುಂಬಿಸುವುದು. ನೀರು ಕೊಡುವ ಮುಂಚೆಯೂ ನರ್ಸನ್ನು ಕೇಳಬೇಕು. ಶಸ್ತ್ರಚಿಕಿತ್ಸೆಗೆ ಕಾದಿರುವವರಿಗೆ ಒಂದು ಗುಟುಕೂ ಕೂಡದಿರಬಹುದು. ಹೃದಯದ ನಾಲ್ಕು ಕೋಣೆಗಳನ್ನು ಕಣ್ಣುಮುಚ್ಚಿ ಬರೆಯಬಲ್ಲವಳು ಅಲ್ಲಿ ಯಾರ ನಾಡಿಯನ್ನೂ ಹಿಡಿಯುವಂತಿಲ್ಲ.

ಒಮ್ಮೆ ಕನ್ನಡದ ಅಜ್ಜಿಯೊಬ್ಬರು ಬಂದಿದ್ದರಂತೆ. ಹೆಸರು, ಊರು, ಕಾಯಿಲೆ ಯಾವುದನ್ನೂ ಅವಳು ನಮಗೆ ಹೇಳಲಿಲ್ಲ. ಹೇಳಬಾರದು. ಅಜ್ಜಿ ಕೈ ಹಿಡಿದು, "ನಂಗೇನಾಗಿದೆ ಮಗಾ?" ಎಂದರಂತೆ.

"ಅದನ್ನ ಡಾಕ್ಟ್ರೇ ಹೇಳ್ತಾರೆ ಅಜ್ಜಿ. ನಾನು ಇಲ್ಲೇ ಇರ್ತೀನಿ."

ಡಾಕ್ಟರು ಬಂದಾಗ ಫೋನಿನಲ್ಲಿ ತರಬೇತಾದ ದುಭಾಷಿ ಮಾತಾಡಿದರು. ಕನ್ನಡ ಬಂದರೂ ಇವಳು ಅನುವಾದಿಸುವಂತಿರಲಿಲ್ಲ. ಒಂದು ಪದ ತಪ್ಪಿದರೂ ಚಿಕಿತ್ಸೆಯೇ ತಪ್ಪೀತು. ಅಜ್ಜಿ ಬಿಡದ ಕಾರಣ ಅರ್ಧ ಗಂಟೆ ಸುಮ್ಮನೆ ಕೈ ಕೊಟ್ಟು ಕೂತಿದ್ದಳು. ಪಾಳಿ ಅದಕ್ಕೂ ಮೊದಲೇ ಮುಗಿದಿತ್ತು. ಆ ಅರ್ಧ ಗಂಟೆ ಅವಳ ಲೆಕ್ಕದ ಪುಸ್ತಕದಲ್ಲಿಲ್ಲ. ಅದನ್ನು ಕೇಳಿದ ಮೇಲೆ ನನ್ನ ಕಸಿವಿಸಿ ಕರಗಿತು.

ಈ ಸೇವೆಯ ಬೆಲೆಯನ್ನೂ ಕಂಡಿದ್ದೇನೆ. ಪಾಳಿ ಮುಗಿಸಿ ಬಂದವಳು ಪುಸ್ತಕದ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗುತ್ತಾಳೆ. ಮಾರ್ಚಿನಲ್ಲಿ ಪರೀಕ್ಷೆ ಹತ್ತಿರ ಬಂದಾಗ ಆಸ್ಪತ್ರೆಯ ಸ್ವಯಂಸೇವಕರ ಸಂಯೋಜಕರಿಗೆ ಬರೆದು ಎರಡು ಶನಿವಾರ ರಜೆ ಕೇಳಿದಳು. ಬರೆಯುವ ಮುಂಚೆ ಎರಡು ದಿನ ಒದ್ದಾಡಿದಳು. ಹೇಳದೆ ತಪ್ಪಿಸಿಕೊಳ್ಳುವುದಕ್ಕಿಂತ ಹೇಳಿ ಬಿಡುವು ಪಡೆದದ್ದು ನನಗೆ ಹಿಡಿಸಿತು.

ರಜೆಯ ಮೊದಲ ಶನಿವಾರ ಏಳಕ್ಕೇ ಮೇಜಿಗೆ ಕೂತಳು. ಉಪ್ಪಿಟ್ಟು ತಟ್ಟೆಯಲ್ಲೇ ತಿಂದಳು. ಹತ್ತಕ್ಕೆ ತಲೆಯೆತ್ತಿ ಗಡಿಯಾರ ನೋಡಿ, "ಮೂರನೇ ಮಹಡಿಗೆ ಹೊದಿಕೆ ಒಯ್ಯೋ ಹೊತ್ತು ಅತ್ತೆ," ಅಂದಳು. ಮತ್ತೆ ಷಟ್ಕೋನಗಳ ಮೇಲೆ ಬಾಗಿದಳು.