ಆರು ಕಿಲೊಮೀಟರ್ ದೂರದ ಸಾಲಿ

ಪುಣೆಯ ಗಣೇಶಖಿಂಡ್ ರಸ್ತೆಯಲ್ಲಿ ಸಿಗ್ನಲ್ ಹಸಿರಾಗಿತ್ತು. ಹಿಂದೆ ಸಿಟಿ ಬಸ್ಸಿನ ಹಾರ್ನ್. ಕ್ಲಚ್ ಬಿಟ್ಟು ಹತ್ತು ಅಡಿ ಹೋಗಿರಬೇಕು, ಎಡಗಡೆಯ ಹಿಂಬಾಗಿಲಿನಿಂದ ಗಾಳಿ ಬಂತು. ತಿರುಗಿ ನೋಡಿದರೆ ನಾಲ್ಕು ವರ್ಷದ ಮಗ ಬೆಲ್ಟ್ ಬಿಚ್ಚಿಕೊಂಡು, ಬಾಗಿಲು ತೆಗೆದು, ಒಂದು ಕಾಲು ಹೊರಗಿಟ್ಟಿದ್ದ. ಪಕ್ಕದಲ್ಲಿದ್ದ ಸ್ಕೂಟರಿನ ಹೆಣ್ಣುಮಗಳೊಬ್ಬರು ಗಾಡಿ ಅಡ್ಡ ನಿಲ್ಲಿಸಿ ಅವನನ್ನು ಒಳಕ್ಕೆ ದೂಡಿದರು. ಆಮೇಲೆ ಮರಾಠಿಯಲ್ಲಿ ನನಗೆ ಬೈದದ್ದು ಒಂದಕ್ಷರ ಬಿಡದೆ ಅರ್ಥವಾಯಿತು. ಹನ್ನೊಂದು ವರ್ಷದಿಂದ ಈ ಊರಿನಲ್ಲಿದ್ದೇನೆ.

ಮಗನಿಗೆ ಆಟಿಸಂ ಇದೆ ಎಂದು ಗೊತ್ತಾದದ್ದು ಅವನಿಗೆ ಎರಡೂಮುಕ್ಕಾಲು ವರ್ಷವಾದಾಗ. ಹೆಂಡತಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಾಳೆ, ಬೆಳಗಿನ ಏಳರ ಪಾಳಿ. ಹಾಗಾಗಿ ಸಾಲಿಗೆ ಬಿಡುವ ಕೆಲಸ ನನ್ನದು. ಔಂಧ್‌ನ ನಮ್ಮ ಮನೆಯಿಂದ ಸಾಲಿ ಆರು ಕಿಲೊಮೀಟರ್. ಅಷ್ಟು ದೂರ ಯಾಕೆ ಎಂದರೆ, ಹತ್ತಿರದ ಎರಡು ಕಡೆ ‘ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ’ ಅಂದರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ನಿಜ. ಆದರೆ ಉಚಿತ ಶಿಕ್ಷಣದ ಹಕ್ಕಿನ ಮಾತು ಅದರಲ್ಲಿ ಶುರುವಾಗುವುದೇ ಆರನೇ ವರ್ಷದಿಂದ. ಮೂರರಿಂದ ಆರರವರೆಗೆ, ಅಂದರೆ ಸಾಲಿಯ ರೂಢಿ ಹಿಡಿಸಬೇಕಾದ ಹೊತ್ತಿನಲ್ಲಿ, ತಂದೆ ತಾಯಿಗಳೇ ಬಾಗಿಲು ಬಾಗಿಲು ತಟ್ಟಬೇಕು.

ಮೊದಲು ವ್ಯಾನಿಗೆ ಹಾಕಿದ್ದೆವು. ನಾಲ್ಕನೇ ದಿನ ಡ್ರೈವರ್ ಕೈಮುಗಿದ. ಆಮೇಲೆ ಸ್ಕೂಟರ್. ಮುಂದೆ ನಿಲ್ಲಿಸಿಕೊಂಡು ಹೋಗುವುದು ಪುಣೆಯಲ್ಲಿ ದಿನಾ ಕಾಣುವ ನೋಟ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ದ್ವಿಚಕ್ರ ವಾಹನದಲ್ಲಿ ಸುರಕ್ಷಾ ಪಟ್ಟಿ, ಹೆಲ್ಮೆಟ್ ಕಡ್ಡಾಯ, ವೇಗ ಗಂಟೆಗೆ 40 ಕಿಲೊಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿಯಿಂದ ಇದೆ. ನಾನು ಅದನ್ನು ಓದಿದ್ದು ಮಗ ಒಮ್ಮೆ ಚಲಿಸುವ ಸ್ಕೂಟರಿನಲ್ಲಿ ಹ್ಯಾಂಡಲ್ ಎಳೆದ ಮೇಲೆ. ಹಾಗೆ ಹಳೇ ಕಾರು ಬಂತು. ಕಾರು ಬಂದ ಮೂರನೇ ವಾರಕ್ಕೆ ಈ ಬಾಗಿಲಿನ ಪ್ರಸಂಗ.

ಅವತ್ತು ರಾತ್ರಿ ಧಾರವಾಡದಿಂದ ಅವ್ವ ಫೋನಿನಲ್ಲಿ, ‘ಅಷ್ಟ್ ಅಳೂ ಕೂಸಿನ್ನ ಯಾಕ್ ಎಳಕೊಂಡ್ ಹೋಗ್ತೀಯೋ? ಒಂದ್ ವರ್ಷ ಇಲ್ಲೇ ಬಿಡು’ ಅಂದಳು. ಉತ್ತರ ಕೊಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು.

ಮಗನಿಗೆ ಥೆರಪಿ ಕೊಡುವ ಆಕ್ಯುಪೇಶನಲ್ ಥೆರಪಿಸ್ಟ್ ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಎರಡು ವಾರ ಬರೆದಿಡಿ. ಅಳು ಎಲ್ಲಿ ಶುರುವಾಗುತ್ತದೆ, ಅದಕ್ಕೆ ಮೊದಲು ಏನಾಯಿತು, ಆಮೇಲೆ ನೀವೇನು ಮಾಡಿದಿರಿ, ಇಷ್ಟೇ’ ಅಂದರು. ಬರೆದೆ. ‘ಸಾಲಿ ಅಂದರೆ ಅವನಿಗೆ ಆಗುವುದಿಲ್ಲ’ ಎಂದು ನಾವು ನಂಬಿದ್ದು ತಪ್ಪು ಎಂದು ಆ ನೋಟ್‌ಬುಕ್ಕಿನಿಂದ ಗೊತ್ತಾಯಿತು. ಹತ್ತು ದಿನಗಳಲ್ಲಿ ಏಳು ದಿನ ಅಳು ಶುರುವಾಗಿದ್ದು ಒಂದೋ ಬೆಲ್ಟ್ ಹಾಕಿದಾಗ, ಇಲ್ಲವೇ ವಿದ್ಯಾಪೀಠ ವೃತ್ತದ ಬಳಿ. ಬೆಲ್ಟಿನ ಅಂಚು ಕುತ್ತಿಗೆಗೆ ತಾಗುತ್ತಿತ್ತು. ನಮಗೆ ಅದು ಬರೀ ಪಟ್ಟಿ, ಅವನಿಗೆ ಗರಗಸ. ಇನ್ನು ವೃತ್ತದ ಬಳಿ ಮೆಟ್ರೊ ಕಾಮಗಾರಿ. ಇವತ್ತು ಈ ಕಡೆ ಬ್ಯಾರಿಕೇಡ್, ನಾಳೆ ಆ ಕಡೆ. ದಾರಿ ಬದಲಾದರೆ ನಮಗೆ ಹತ್ತು ನಿಮಿಷ ತಡ, ಅಷ್ಟೇ. ದಾರಿಯನ್ನು ಅಂಗಡಿ ಅಂಗಡಿಯಾಗಿ ನೆನಪಿಟ್ಟುಕೊಂಡ ಮಗುವಿಗೆ ತನ್ನನ್ನು ಬೇರೆಲ್ಲಿಗೋ ಒಯ್ಯುತ್ತಿದ್ದಾರೆ ಎಂಬ ಗಾಬರಿ.

ಮೊದಲು ಕಾರನ್ನು ಸರಿ ಮಾಡಿಕೊಂಡೆ. ಹಿಂಬಾಗಿಲು ತೆರೆದು ಅಂಚಿನಲ್ಲಿ ನೋಡಿದರೆ ಒಂದು ಪುಟ್ಟ ಗುಂಡಿ ಇರುತ್ತದೆ, ಚೈಲ್ಡ್ ಲಾಕ್. ಅದನ್ನು ಸರಿಸಿದರೆ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಕಾರು ಕೊಂಡು ಮೂರು ವಾರ ಆಗಿದ್ದರೂ ನಾನದನ್ನು ನೋಡಿರಲಿಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. ಭುಜ, ಸೊಂಟ, ಕಾಲುಗಳ ನಡುವೆ ಹಿಡಿಯುವ ಐದು ಪಟ್ಟಿಯ ಮಕ್ಕಳ ಸೀಟು ತಂದೆ. ಪಟ್ಟಿಗೆ ಹೆಂಡತಿ ತನ್ನ ಹಳೇ ಕಾಟನ್ ಸೀರೆಯ ಬಟ್ಟೆ ಸುತ್ತಿ ಹೊಲಿದಳು. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕೂರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಸಾವಿರ ರೂಪಾಯಿ ದಂಡ. ಆದರೆ ಸಿಗ್ನಲ್‌ನಲ್ಲಿ ನಿಂತು ಸುತ್ತ ನೋಡಿ, ಎಷ್ಟು ಮಕ್ಕಳು ಮುಂದಿನ ಸೀಟಿನಲ್ಲಿ ಅಪ್ಪನ ತೊಡೆಯ ಮೇಲಿದ್ದಾರೆ! ಇನ್ನೊಂದು ನಿಯಮ ನನಗೆ ನಾನೇ ಹಾಕಿಕೊಂಡದ್ದು: ಗಾಡಿ ಓಡುವಾಗ ಹಿಂದಕ್ಕೆ ಕೈ ಚಾಚಬಾರದು. ಅವನು ಎಷ್ಟೇ ಕಿರುಚಲಿ, ಪಕ್ಕಕ್ಕೆ ನಿಲ್ಲಿಸಿ, ಇಳಿದು, ಬಾಗಿಲು ತೆಗೆದು, ಆಮೇಲೆ ಮಾತು. ಮೊದಲ ವಾರ ದಿನಾ ಮೂರು ಸಲ ನಿಲ್ಲಿಸಿದೆ.

ಆಮೇಲೆ ಚಿತ್ರಗಳು. ಬೂಟು, ಲಿಫ್ಟ್, ಕಾರು, ವಿದ್ಯಾಪೀಠದ ಗೇಟು, ಸಾಲಿ, ಟೀಚರ್, ಕೊನೆಗೆ ನಮ್ಮ ಮನೆ. ಮೊಬೈಲಿನಲ್ಲಿ ಫೋಟೊ ತೆಗೆದು, ಲ್ಯಾಮಿನೇಟ್ ಮಾಡಿಸಿ, ವೆಲ್ಕ್ರೊ ಹಚ್ಚಿ ಒಂದು ಪಟ್ಟಿ ಮಾಡಿದೆವು. ಒಂದೊಂದು ಮುಗಿದಂತೆ ಅವನು ಕಿತ್ತು ಡಬ್ಬಿಗೆ ಹಾಕಬೇಕು. ಮೊದಲು ನಾನು ಮಾಡಿದ ಪಟ್ಟಿಯಲ್ಲಿ ಮನೆ ಇರಲಿಲ್ಲ, ಸಾಲಿಗೇ ಮುಗಿದಿತ್ತು. ಥೆರಪಿಸ್ಟ್ ನೋಡಿದ ಕೂಡಲೇ, ‘ವಾಪಸ್ ಬರುತ್ತೇನೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?’ ಅಂದರು. ದಾರಿ ಬದಲಾದ ದಿನಕ್ಕೆಂದು ಕಿತ್ತಳೆ ಬಣ್ಣದ ಬ್ಯಾರಿಕೇಡಿನ ಕಾರ್ಡ್ ಒಂದು ಬೇರೆ. ಹೊರಡುವ ಮೊದಲು ಮ್ಯಾಪ್ ನೋಡಿ, ಬೇಕಿದ್ದರೆ ಅದನ್ನು ನಡುವೆ ಸೇರಿಸುತ್ತೇನೆ.

ಗೇಟಿನಲ್ಲಿ ಬೇರೆಯದೇ ಕತೆ. ‘ಅವನು ಆಟದಲ್ಲಿದ್ದಾಗ ಸುಮ್ಮನೆ ಜಾರಿಕೊಳ್ಳಿ’ ಎಂದು ಹತ್ತು ಮಂದಿ ಹೇಳಿದ್ದರು. ಒಮ್ಮೆ ಜಾರಿಕೊಂಡೆ. ಮರುದಿನ ಲಿಫ್ಟ್‌ನಿಂದಲೇ ರಂಪ. ಈಗ ‘ಟಾಟಾ’ ಹೇಳಿಯೇ ಹೊರಡುವುದು. ಟೀಚರ್ ಗೇಟಿಗೆ ಬಂದು ಅವನ ಕೈ ಹಿಡಿಯುವವರೆಗೆ ನಾನು ನನ್ನ ಕೈ ಬಿಡುವುದಿಲ್ಲ. ಓಡುವ ಮಗು ಇವನು. ಅಂಗಿಯ ಒಳಗೆ ನಮ್ಮ ಫೋನ್ ನಂಬರಿನ ಪಟ್ಟಿಯನ್ನೂ ಹೊಲಿದಿದ್ದೇವೆ.

ಮಗ ಆಡುವ ಇಪ್ಪತ್ತು ಪದಗಳಲ್ಲಿ ತೀರ ಸ್ಪಷ್ಟವಾದದ್ದು ‘ಬ್ಯಾಡ’. ಟೀಚರ್ ಅದನ್ನು ಇಂಗ್ಲಿಷಿನ ‘ಬ್ಯಾಡ್’ ಎಂದು ತಿಳಿದು, ಪಾಪ, ಪ್ರತಿ ಸಲವೂ ‘ನೋ, ಯು ಆರ್ ಗುಡ್ ಬಾಯ್’ ಎಂದು ಬೆನ್ನು ಸವರುತ್ತಿದ್ದರಂತೆ. ಬೆನ್ನು ಸವರುವುದು ಬೇಡ ಎಂದೇ ಅವನು ಹೇಳುತ್ತಿದ್ದದ್ದು! ಮನೆಯಲ್ಲಿ ಕನ್ನಡ ಬಿಟ್ಟು ಒಂದೇ ಭಾಷೆ ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟವರಿದ್ದಾರೆ. ಥೆರಪಿಸ್ಟ್ ಒಪ್ಪಲಿಲ್ಲ. ನೀವು ಸಹಜವಾಗಿ ಆಡುವ ಭಾಷೆಯಲ್ಲೇ ಆಡಿ ಅಂದರು. ಅವನ ಇಪ್ಪತ್ತೂ ಪದಗಳನ್ನು ದೇವನಾಗರಿಯಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥ ಹಾಕಿ ಕೊಟ್ಟೆ. ಈಗ ಮರಾಠಿ ಟೀಚರ್ ‘ನೀರು ಬೇಕಾ?’ ಅನ್ನುತ್ತಾರೆ. ಆಯಾಬಾಯಿಯೂ ಕಲಿತಿದ್ದಾರೆ.

ಆಫೀಸಿನಲ್ಲಿ ಒಂಬತ್ತೂವರೆಯ ಮೀಟಿಂಗಿಗೆ ತಡವಾದಾಗಲೆಲ್ಲ ‘ಟ್ರಾಫಿಕ್’ ಅನ್ನುತ್ತಿದ್ದೆ. ಪುಣೆಯಲ್ಲಿ ಆ ಸುಳ್ಳನ್ನು ಯಾರೂ ಪ್ರಶ್ನಿಸುವುದಿಲ್ಲ. ಆರು ತಿಂಗಳಾದ ಮೇಲೆ ಮ್ಯಾನೇಜರಿಗೆ ನಿಜ ಹೇಳಿದೆ. ಮೀಟಿಂಗ್ ಹತ್ತು ಗಂಟೆಗೆ ಹೋಯಿತು. ಇಷ್ಟಕ್ಕೆ ಆರು ತಿಂಗಳು ಕಾದೆನಲ್ಲ.

ಮೊನ್ನೆ ಜೋರು ಮಳೆ, ಮತ್ತೆ ಬ್ಯಾರಿಕೇಡ್. ಕಿತ್ತಳೆ ಕಾರ್ಡ್ ಹಾಕಿದ್ದೆ, ಆದರೂ ಅತ್ತ. ಎರಡು ಸಲ ಗಾಡಿ ನಿಲ್ಲಿಸಿದೆ. ಗೇಟಿನಲ್ಲಿ ಟೀಚರ್ ಕೈ ಚಾಚಿದಾಗ ಒಂದು ಕೈ ಕೊಟ್ಟ, ಇನ್ನೊಂದನ್ನು ಮುಷ್ಟಿ ಬಿಗಿದೇ ಇಟ್ಟುಕೊಂಡಿದ್ದ. ಸಂಜೆ ಬಟ್ಟೆ ಒಗೆಯಲು ತೆಗೆದಾಗ ಚಡ್ಡಿಯ ಜೇಬಿನಲ್ಲಿ ಮನೆಯ ಕಾರ್ಡ್ ಸಿಕ್ಕಿತು. ಮೂಲೆ ಕಚ್ಚಿ ಕಚ್ಚಿ ಬಿಟ್ಟುಕೊಂಡಿತ್ತು. ನಾಳೆ ಇನ್ನೆರಡು ಪ್ರತಿ ಮಾಡಿಸಬೇಕು.