ಹುಣ್ಣು ಮಾಯಿತು, ರೋಗ ಮಾಯವಾಗಲಿಲ್ಲ

"ಒಂದು ಹುಣ್ಣಾಗಿತ್ತು, ನೋವೇನೂ ಇರಲಿಲ್ಲ, ತಿಂಗಳೊಳಗೆ ತಾನೇ ಒಣಗಿತು. ಇನ್ಯಾಕೆ ಡಾಕ್ಟರು?" ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ರೋಗ ಹೋಯಿತು ಎನ್ನುವುದಕ್ಕೆ ಕೊಡುವ ಈ ಪುರಾವೆಯೇ ಸಿಫಿಲಿಸ್ ಎಂಬ ಲೈಂಗಿಕ ಸೋಂಕಿನ ಮೊದಲ ಲಕ್ಷಣ.

ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಸೋಂಕು ತಗುಲಿದ ಸುಮಾರು 3 ವಾರಕ್ಕೆ ಎದ್ದು, ಔಷಧ ಹಚ್ಚಿದರೂ ಬಿಟ್ಟರೂ 3ರಿಂದ 6 ವಾರದಲ್ಲಿ ಮಾಯುತ್ತದೆ. ಅಷ್ಟರಲ್ಲಿ ರೋಗಾಣು ರಕ್ತ ಸೇರಿರುತ್ತದೆ. ಆಮೇಲೆ ಅಂಗೈ, ಅಂಗಾಲಲ್ಲಿ ದದ್ದು ಏಳಬಹುದು. ಅದೂ ತಾನಾಗಿ ಅಡಗುತ್ತದೆ. ಮತ್ತೆ ವರ್ಷಗಟ್ಟಲೆ ಸದ್ದಿಲ್ಲ. ಕೊನೆಗೆ ಕೆಲವರ ಹೃದಯ, ಮಿದುಳು ಕೆಡುತ್ತವೆ. ಗರ್ಭಿಣಿಗೆ ಸೋಂಕಿದ್ದರೆ ಕೂಸು ಹೊಟ್ಟೆಯಲ್ಲೇ ಸಾಯಬಹುದು.

ಬಸ್ ನಿಲ್ದಾಣದ ಗೋಡೆಗಳ ಮೇಲೆ 'ಗುಪ್ತರೋಗಕ್ಕೆ ಖಚಿತ ಪರಿಹಾರ' ಎಂದು ಬರೆಸುವವರ ಹೆಸರು ನಿಂತಿರುವುದೂ ಈ ಹುಣ್ಣಿನ ಮೇಲೆಯೇ. ತಾನಾಗಿ ಮಾಯುವುದಕ್ಕೆ ಅವರ ಪುಡಿ ಕೀರ್ತಿ ಪಡೆಯುತ್ತದೆ. ವಾಸಿಯಾಯಿತೆಂದು ನಂಬಿದ ಗಂಡ ರೋಗವನ್ನು ಹೆಂಡತಿಗೆ ದಾಟಿಸುತ್ತಾನೆ.

ಇದಕ್ಕೆ ಮದ್ದಿಲ್ಲವೇ? 1943ರಿಂದಲೂ ಪೆನಿಸಿಲಿನ್ ಇದೆ. ಆರಂಭದಲ್ಲೇ ಬಂದರೆ ಬೆಂಜಥೀನ್ ಪೆನಿಸಿಲಿನ್‌ನ ಒಂದೇ ಡೋಸ್ ಸಾಕು. ರೋಗ ಇದೆಯೋ ಇಲ್ಲವೋ ಹೇಳಬೇಕಾದ್ದು ರಕ್ತಪರೀಕ್ಷೆ, ಚರ್ಮವಲ್ಲ. ಸಂಗಾತಿಗೂ ಪರೀಕ್ಷೆ, ಚಿಕಿತ್ಸೆ ಆಗದಿದ್ದರೆ ಸೋಂಕು ಮರಳಿ ಬರಬಹುದು. ಕಾಂಡೋಮ್ ಅಪಾಯವನ್ನು ಬಹಳ ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಜಾಗದ ಹುಣ್ಣಿನಿಂದಲೂ ಸೋಂಕು ದಾಟಬಲ್ಲದು.

ಲೈಂಗಿಕ ಸೋಂಕುಗಳ ಬಗೆಗಿನ ಉಳಿದ ತಪ್ಪು ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ. ಕೂಡಿದ ಮೇಲೆ ತೊಳೆದುಕೊಂಡರೆ ರಕ್ಷಣೆಯಿಲ್ಲ. ಗರ್ಭನಿರೋಧಕ ಗುಳಿಗೆ ಬಸಿರನ್ನು ತಡೆಯುತ್ತದೆ, ರೋಗವನ್ನಲ್ಲ. ನೋಡಲು ಗಟ್ಟಿಮುಟ್ಟಾಗಿದ್ದವರಲ್ಲೂ ಎಚ್‌ಐವಿ ವರ್ಷಗಟ್ಟಲೆ ಅಡಗಿರಬಲ್ಲದು. ಅಪಾಯದ ಸಂಪರ್ಕವಾದರೆ 72 ಗಂಟೆಯೊಳಗೆ ಎಚ್‌ಐವಿ ತಡೆಯುವ ಮಾತ್ರೆ ಶುರುವಾಗಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಕಣ್ಣಿಗೆ ಕಾಣದ್ದು ಇಲ್ಲ, ಮದ್ದು ತಿಂದ ಮೇಲೆ ಆದದ್ದೆಲ್ಲ ಮದ್ದಿನಿಂದಲೇ ಆದದ್ದು: ಈ ಎರಡು ಅಭ್ಯಾಸ ನಮ್ಮನ್ನು ಬಿಡುತ್ತಿಲ್ಲ. ಜ್ವರದಿಂದ ಕಾಮಾಲೆಯವರೆಗೆ ಮೋಸಗಾರರು ಬದುಕಿರುವುದು ಇವುಗಳಿಂದಲೇ. ನಾಚಿಕೆ ಅವರಿಗೆ ಮೂರನೆಯ ಆಸರೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಸೋಂಕಿಗೆ ಚಿಕಿತ್ಸೆ ಉಚಿತ. ಫೋನಿನಲ್ಲಿ ಕೇಳಲು 1097 ಇದೆ. ಹುಣ್ಣು ಒಣಗಿದ್ದರೂ ಸರಿ, ರಕ್ತ ಪರೀಕ್ಷೆ ಮಾಡಿಸಿ.