ವೆಲ್ಡಿಂಗ್ ಅಂಗಡಿಗಳಲ್ಲಿ ಸುರಕ್ಷತೆ: ಕಾನೂನು ತಲುಪದಲ್ಲಿ ಮಾಲೀಕರದೇ ಹೊಣೆ

ಹಳಬರ ಬಾಯಲ್ಲಿ ಇಂದಿಗೂ ಫ್ರೇಜರ್ ಟೌನ್ ಆಗಿಯೇ ಉಳಿದಿರುವ ಪುಲಿಕೇಶಿನಗರವು, 1898ರ ಪ್ಲೇಗ್ ಹಾವಳಿಯ ತರುವಾಯ ದಂಡು ಪ್ರದೇಶದ ಜನದಟ್ಟಣೆಯನ್ನು ತಗ್ಗಿಸಲೆಂದು ರೂಪುಗೊಂಡ ಬಡಾವಣೆ. ಇದರ ಆಚೆಗಿನ ಪೂರ್ವ ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಐ.ಟಿ.ಐ. ಸ್ಥಾಪನೆಗೊಂಡು, ಲೋಹಗಾರಿಕೆಯು ಈ ಭಾಗದ ಪ್ರಮುಖ ಕಸುಬಾಯಿತು. ಆದರೆ ಇಂದು ಕಿಟಕಿಯ ಗ್ರಿಲ್, ಗೇಟು, ರೋಲಿಂಗ್ ಶಟರ್ ತಯಾರಿಸುವವರೂ ವಾಹನಗಳ ಬಾಡಿ ದುರಸ್ತಿ ಮಾಡುವವರೂ ಬಹುಪಾಲು ಎರಡು ಮೂರು ಮಂದಿಯ ಸಣ್ಣ ಅಂಗಡಿಗಳವರು.

ಸುರಕ್ಷತೆಯ ಪ್ರಶ್ನೆ ತೀವ್ರವಾಗುವುದು ಇಲ್ಲಿಯೇ. 1948ರ ಕಾರ್ಖಾನೆಗಳ ಕಾಯ್ದೆಯು ಕಣ್ಣಿನ ರಕ್ಷಣೆ, ಅಪಾಯಕಾರಿ ಹೊಗೆ ಹಾಗೂ ಸ್ಫೋಟಕ ಅನಿಲಗಳ ಬಗ್ಗೆ 35, 36 ಮತ್ತು 37ನೇ ಕಲಮುಗಳಲ್ಲಿ ಸ್ಪಷ್ಟ ವಿಧಿಗಳನ್ನು ರೂಪಿಸಿತ್ತು. ಆದರೆ ವಿದ್ಯುತ್ ಬಳಸುವ ಘಟಕದಲ್ಲಿ ಸಾಮಾನ್ಯವಾಗಿ 10 ಮಂದಿ ಇದ್ದರೆ ಮಾತ್ರ ಅದು ಅನ್ವಯಿಸುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಕಾರ್ಖಾನೆ ಎನಿಸಿಕೊಳ್ಳುವ ಆ ಮಿತಿಯನ್ನು 20ಕ್ಕೆ ಏರಿಸಿದೆ. ಇಬ್ಬರು ದುಡಿಯುವ ಅಂಗಡಿ ಯಾವ ಎಣಿಕೆಗೂ ಸಿಗದು. ಅಲ್ಲಿ ತಪಾಸಣಾಧಿಕಾರಿಯೂ ಮಾಲೀಕರೇ, ಸುರಕ್ಷತಾಧಿಕಾರಿಯೂ ಮಾಲೀಕರೇ.

ಕಣ್ಣು: ಹೆಲ್ಪರನ ಪಾಡು

ವಿದ್ಯುತ್ ಬೆಸುಗೆಯ ಜ್ವಾಲೆಯಿಂದ ಹೊಮ್ಮುವ ನೇರಳಾತೀತ ಕಿರಣಗಳು ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತವೆ. ಸುಟ್ಟದ್ದು ಆ ಕ್ಷಣಕ್ಕೆ ತಿಳಿಯದು. ಆರರಿಂದ ಹನ್ನೆರಡು ಗಂಟೆಗಳ ನಂತರ, ಸಾಮಾನ್ಯವಾಗಿ ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಸುರಿದಂತೆ ಉರಿ, ನೀರು ಕಾಣಿಸಿಕೊಳ್ಳುತ್ತವೆ. ರಾಡು ಹಿಡಿದ ವೆಲ್ಡರ್ ಮುಖಗವಸಿನ ಹಿಂದೆ ಇರುತ್ತಾನೆ. ಕಬ್ಬಿಣವನ್ನು ಅಲುಗದಂತೆ ಹಿಡಿದುಕೊಂಡ ಹೆಲ್ಪರ್ ಹುಡುಗನಿಗೆ ಮಾತ್ರ ಮುಖ ತಿರುಗಿಸಿಕೊಳ್ಳುವುದೊಂದೇ ರಕ್ಷಣೆ. ಗೋಡೆಯಿಂದ, ಹೊಳೆಯುವ ತಗಡಿನಿಂದ ಪ್ರತಿಫಲಿಸುವ ಬೆಳಕೂ ಹಾನಿಕರವಾದುದರಿಂದ ಈ ಉಪಾಯ ಸಾಲದು.

ಬಿಸಿಲಿಗೆ ಧರಿಸುವ ಕಪ್ಪು ಕನ್ನಡಕ ಬೆಸುಗೆಗೆ ನಿರುಪಯೋಗಿ. ಗ್ರಿಲ್ ಕೆಲಸದ 100ರಿಂದ 150 ಆಂಪಿಯರ್ ವಿದ್ಯುತ್ತಿಗೆ 10 ಅಥವಾ 11ನೇ ಸಂಖ್ಯೆಯ ಗಾಜು ತಕ್ಕದ್ದು. ಅಂಗಡಿಯಲ್ಲಿ ಎಷ್ಟು ಮಂದಿಯೋ ಅಷ್ಟು ಮುಖಗವಸುಗಳಿರಬೇಕು; ದಾರಿಹೋಕರ ಸಲುವಾಗಿ ರಸ್ತೆಯ ಬದಿಗೆ ಬೆಂಕಿ ಹತ್ತದ ಒಂದು ಪರದೆಯೂ ಇರಬೇಕು. ಉರಿ ಕಂಡಾಗ ಆಲೂಗಡ್ಡೆಯ ಹೋಳು ಇಡುವ ರೂಢಿಯಿಂದ ಸೋಂಕು ತಗಲಬಹುದು. ಕಣ್ಣುಜ್ಜದೆ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಶುಭ್ರ ಬಟ್ಟೆ ಇರಿಸಿ, ನೇತ್ರವೈದ್ಯರನ್ನು ಕಾಣುವುದು ಸರಿಯಾದ ಕ್ರಮ.

ಹೊಗೆ

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ಬೆಸುಗೆಯ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಸತು ಲೇಪಿತ ಜಿ.ಐ. ಪೈಪನ್ನು ಬೆಸೆದ ದಿನ ಸಂಜೆ ಚಳಿಜ್ವರ ಬರುವುದು ಕಸುಬಿನವರಿಗೆ ಹೊಸದಲ್ಲ. ಅದು ಸತುವಿನ ಹೊಗೆಯ ಪರಿಣಾಮ. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿರುವ ಕ್ರೋಮಿಯಂ ಇನ್ನೂ ಅಪಾಯಕಾರಿ. ಬಾಯಿಗೆ ಕಟ್ಟುವ ಕರವಸ್ತ್ರ ಈ ಸೂಕ್ಷ್ಮ ಕಣಗಳನ್ನು ತಡೆಯದು. ಬೆಸೆಯುವ ಜಾಗದ ಲೇಪವನ್ನು ಮೊದಲು ತೆಗೆದುಹಾಕುವುದು, ಹೊಗೆ ಮುಖದತ್ತ ಬಾರದಂತೆ ಗಾಳಿಯ ದಿಕ್ಕನ್ನು ನೋಡಿ ಕುಳಿತುಕೊಳ್ಳುವುದು, ಶಟರ್ ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡದಿರುವುದು ಖರ್ಚಿಲ್ಲದ ಉಪಾಯಗಳು.

ಕಿಡಿ ಮತ್ತು ಅನಿಲ

1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ, ಮೇಲಿನ ರಸ್ತೆಯ ಸಂದಿಯೊಂದನ್ನು ಬೆಸೆಯುತ್ತಿದ್ದಾಗ ಬಿದ್ದ ಕಿಡಿಗಳು ಕೆಳಗಿನ ಛಾವಣಿಯೊಳಗಿದ್ದ ಪಾಲಿಸ್ಟೈರೀನ್ ಹೊದಿಕೆಗೆ ತಗಲಿ 17 ಮಂದಿ ಮೃತಪಟ್ಟರು. ಬೆಂಕಿ ಹೊತ್ತಿದ್ದು ಬೆಸೆಯುವವರ ಕಣ್ಣಿಗೆ ಕಾಣದ ಎಡೆಯಲ್ಲಿ. ಕಿಡಿಗಳು ಹನ್ನೊಂದು ಮೀಟರ್ ದೂರದವರೆಗೆ ತಲುಪಬಹುದೆಂಬ ಲೆಕ್ಕದ ಮೇಲೆ ಅಂತರರಾಷ್ಟ್ರೀಯ ರೂಢಿ ನಿಂತಿದೆ. ನಮ್ಮ ಬೀದಿಗಳಲ್ಲಿ ಹನ್ನೊಂದು ಮೀಟರೆಂದರೆ ನೆರೆಯವನ ಅಂಗಡಿಯೂ ಅದರಾಚೆಯದೂ ಸೇರುತ್ತವೆ. ಬಣ್ಣ, ತಿನ್ನರ್, ಫೋಮ್, ರಟ್ಟುಗಳನ್ನು ಸರಿಸಿಯೇ ಕೆಲಸ ಆರಂಭಿಸಬೇಕು. ಮುಗಿದ ಮೇಲೂ ಒಂದು ಗಂಟೆ ಒಬ್ಬರು ಕಾವಲಿರಬೇಕು. ಬೀಗ ಹಾಕುವ ಐದು ನಿಮಿಷ ಮೊದಲು ಬೆಸೆಯುವ ಅಭ್ಯಾಸ ಸಲ್ಲದು.

ಹಳೆಯ ಪೆಟ್ರೋಲ್ ಟ್ಯಾಂಕು, ಎಣ್ಣೆಯ ಡ್ರಮ್ಮುಗಳು ಖಾಲಿಯಾಗಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ. ಅವನ್ನು ಶುದ್ಧಗೊಳಿಸಿ ಆವಿಯಿಲ್ಲವೆಂದು ಖಚಿತಪಡಿಸಿಕೊಳ್ಳದೆ ಬೆಂಕಿ ಹಿಡಿಯುವುದನ್ನು ಮೇಲೆ ಹೇಳಿದ 37ನೇ ಕಲಮು ನಿಷೇಧಿಸಿತ್ತು. ಆ ಸೌಕರ್ಯ ಇಲ್ಲದವರು ಅಂತಹ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಲೇಸು. ಕಪ್ಪು ಬಣ್ಣದ ಆಮ್ಲಜನಕ ಸಿಲಿಂಡರಿನ ಕವಾಟಕ್ಕೆ ಎಣ್ಣೆ ಅಥವಾ ಗ್ರೀಸು ತಾಗಬಾರದು. ಅಸಿಟಿಲೀನ್ ಸಿಲಿಂಡರನ್ನು ಸದಾ ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಬಿಗಿಯಬೇಕು. ಜ್ವಾಲೆ ಹಿಂದಿರುಗಿ ಕೊಳವೆಯೊಳಕ್ಕೆ ನುಗ್ಗದಂತೆ ತಡೆಯುವ ಸಾಧನವನ್ನು ಎರಡೂ ಕೊಳವೆಗಳಿಗೆ ಅಳವಡಿಸಬೇಕು. ಸೋರಿಕೆಯ ಪರೀಕ್ಷೆಗೆ ಸಾಬೂನು ನೀರು ಸಾಕು, ಬೆಂಕಿಕಡ್ಡಿ ಕೂಡದು.

ವಿದ್ಯುತ್ ಆಘಾತ

ಬೆಸುಗೆ ಯಂತ್ರದ ಹೋಲ್ಡರಿನಲ್ಲಿ ಕೆಲಸವಿಲ್ಲದಾಗಲೂ ಸಾಮಾನ್ಯವಾಗಿ 50ರಿಂದ 80 ವೋಲ್ಟ್ ಇರುತ್ತದೆ. ಒಣಗಿದ ಕೈಗೆ ಅದು ಅಲ್ಪವೆನಿಸಬಹುದು. ಮಳೆಗಾಲದ ತೇವದ ನೆಲ, ಬೆವರಿದ ಮೈ, ಬರಿಗಾಲು ಸೇರಿದಾಗ ಅದೇ ಪ್ರಾಣಾಂತಿಕ. ಒಣ ಚರ್ಮದ ಕೈಗವಸು, ರಬ್ಬರ್ ಅಟ್ಟೆಯ ಬೂಟು ಕಡ್ಡಾಯವಾಗಬೇಕು. ಟೇಪು ಸುತ್ತಿದ ಹಳೆಯ ಕೇಬಲ್ಲನ್ನು ಬದಲಿಸಬೇಕು. ವಿದ್ಯುತ್ ಸರಬರಾಜಿನ ಬದಿಗೆ ಹಾಕುವ ಸೋರಿಕೆ ತಡೆ ಸ್ವಿಚ್ಚು ಅವಶ್ಯ. ಆದರೆ ಹೋಲ್ಡರಿನ ಬದಿಯ ಆಘಾತವನ್ನು ಅದು ತಡೆಯದೆಂಬುದು ನೆನಪಿರಲಿ.

ವೆಚ್ಚವಲ್ಲ, ಬಂಡವಾಳ

ಸಣ್ಣ ಅಂಗಡಿಗೆ ಇ.ಎಸ್.ಐ. ರಕ್ಷಣೆಯೂ ಸಾಮಾನ್ಯವಾಗಿ ದೊರೆಯದು. ಕೆಲಸಗಾರ ಗಾಯಗೊಂಡರೆ ಆಸ್ಪತ್ರೆಯ ಖರ್ಚು, ನಿಂತ ಕೆಲಸ, ತಪ್ಪಿದ ಗಡುವು ಎಲ್ಲವೂ ಬೀಳುವುದು ಮಾಲೀಕರ ಹೆಗಲಿಗೇ. ಇಬ್ಬರಿಗೆ ಮುಖಗವಸು, ಕೈಗವಸು, ಚರ್ಮದ ಏಪ್ರನ್, ಒಂದು ಅಗ್ನಿಶಾಮಕ, ಎರಡು ಬಕೆಟ್ ಮರಳು ಕೆಲವು ಸಾವಿರ ರೂಪಾಯಿಗಳ ಮಾತು. ಭಾರತೀಯ ಮಾನಕವಾದ ಐ.ಎಸ್. 818ರಲ್ಲಿ ಬೆಸುಗೆ ಸುರಕ್ಷತೆಯ ನಿಯಮಗಳು ದಾಖಲಾಗಿವೆ. ಉದ್ಯಮಿ ಮಿತ್ರರು ಅಂಗಡಿ ತೆರೆಯುವಾಗ ಮೊದಲು ನೋಡಬೇಕಾದುದು ಒಂದೇ: ಇಂದು ಕಬ್ಬಿಣ ಹಿಡಿಯಲಿರುವ ಹುಡುಗನಿಗೂ ಮುಖಗವಸು ಇದೆಯೇ? ಇಲ್ಲದಿದ್ದರೆ ಅದು ಬರುವವರೆಗೆ ಯಂತ್ರದ ಸ್ವಿಚ್ಚನ್ನು ಒತ್ತುವುದು ಬೇಡ.